ಇಕ್ಕೇರಿಯಿಂದ ಕೆಳದಿಗೆ, ಓಡುತ್ತಾ

ಇಕ್ಕೇರಿ ಕಡೆಯ ಕಾಲುದಾರಿಯಲ್ಲಿ ಮೊದಲ ಸಲ ಓಡಿದ ಬೆಳಿಗ್ಗೆ, ಸೊಪ್ಪಿನ ಹೊರೆ ಹೊತ್ತು ಎದುರಿಗೆ ಬರುತ್ತಿದ್ದ ಅಜ್ಜಿಯೊಬ್ಬರು ಹೊರೆಯನ್ನು ದರೆಗೆ ಆನಿಸಿ ನಿಂತುಬಿಟ್ಟರು. "ಎಂತಾತೋ ತಮ್ಮಾ? ಯಾರಿಗೆ ಹುಷಾರಿಲ್ಲ?" ಅವರ ಮುಖದಲ್ಲಿದ್ದ ಗಾಬರಿ ನೋಡಿ ನನಗೆ ನಾಚಿಕೆಯಾಯಿತು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಗದ್ದೆ, ಕಾಡು ಇರುವ ಊರಲ್ಲಿ ಬೆಳ್ಳಂಬೆಳಿಗ್ಗೆ ಒಬ್ಬ ಓಡಿ ಬರುತ್ತಾನೆಂದರೆ ಏನೋ ಆಗಿದೆ ಎಂದೇ ಅರ್ಥ. ಏನೂ ಆಗಿಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದು ತಿಳಿಸಿ ಹೇಳಲು ಐದು ನಿಮಿಷ ಬೇಕಾಯಿತು. ಅಲ್ಲಿಂದ ಮುಂದೆ ಯಾವ ಹೊಸ ದಾರಿಯಲ್ಲೂ ನಡೆಯದೆ ಓಡಿಲ್ಲ. ಎರಡು ಮೂರು ಸಲ ನಡೆದು, ಸಿಕ್ಕವರನ್ನು ಮಾತಾಡಿಸಿ, ಗುರುತಾದ ಮೇಲೆಯೇ ಓಟ.

ನನ್ನ ದಾರಿ ಸಾಗರದ ಗಣಪತಿ ಕೆರೆ ಏರಿಯಿಂದ ಶುರುವಾಗುತ್ತದೆ. ಕೆಳದಿಯ ದೊರೆ ಸದಾಶಿವ ನಾಯಕ ಕಟ್ಟಿಸಿದ ಸದಾಶಿವಸಾಗರ ಇದೇ. ಊರಿಗೆ ಹೆಸರು ಬಂದದ್ದೂ ಇದರಿಂದಲೇ. ಇಲ್ಲಿಂದ ದಕ್ಷಿಣಕ್ಕೆ ಹೋದರೆ ಇಕ್ಕೇರಿ, ಉತ್ತರಕ್ಕೆ ಹೋದರೆ ಕೆಳದಿ. ನಾಯಕರ ಆಳ್ವಿಕೆ ಕೆಳದಿಯಲ್ಲಿ ಹುಟ್ಟಿ, ಇಕ್ಕೇರಿಯಲ್ಲಿ ಬೆಳೆದು, 1639ರಲ್ಲಿ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ ಹೋಯಿತು. ಮೊದಲ ಎರಡು ರಾಜಧಾನಿಗಳನ್ನು ಒಂದೇ ಬೆಳಿಗ್ಗೆ ಕಾಲಲ್ಲಿ ಮುಟ್ಟಬಹುದಲ್ಲ ಎಂಬ ಆಸೆಯೇ ನನ್ನನ್ನು ಇದಕ್ಕೆ ಹಚ್ಚಿದ್ದು. ಡಾಂಬರು ರಸ್ತೆ ಬಿಟ್ಟು ಬ್ಯಾಣ (ಹುಲ್ಲುಗಾವಲು), ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಕಾನಿನ (ದಟ್ಟ ಹಸಿರು ಕಾಡಿನ) ಅಂಚು ಹಿಡಿದು ಬಳಸಿ ಹೋದರೆ ಇಕ್ಕೇರಿಯಿಂದ ಕೆಳದಿಗೆ ನನ್ನ ವಾಚಿನಲ್ಲಿ 16 ಕಿಲೋಮೀಟರು ಬರುತ್ತದೆ.

ದಾರಿ ಕೂಡಿಬರಲು ಎರಡು ವರ್ಷ ಹಿಡಿಯಿತು. ಮೊಬೈಲಿನ ನಕ್ಷೆಯಲ್ಲಿ ಹಸಿರಾಗಿ ಕಾಣುವ ಜಾಗವೆಲ್ಲ ಕಾಡಲ್ಲ. ಅದರೊಳಗೆ ಒಬ್ಬರ ಅಡಿಕೆ ತೋಟ, ಇನ್ನೊಬ್ಬರ ಸೊಪ್ಪಿನ ಬೆಟ್ಟ, ದೇವರಿಗೆ ಬಿಟ್ಟ ಬನ ಎಲ್ಲ ಇರುತ್ತವೆ. ದಣಪೆ, ಅಂದರೆ ಬೇಲಿಗೆ ಅಡ್ಡ ಗಳ ಹಾಕಿದ ಬಾಗಿಲು, ಇದ್ದರೆ ಗಳ ಸರಿಸಿ, ದಾಟಿ, ಮತ್ತೆ ಹಾಕಿ ಹೋಗಬೇಕು. ತೆರೆದಿಟ್ಟು ಹೋದರೆ ದನ ನುಗ್ಗಿ ಗದ್ದೆ ಹಾಳಾಗುತ್ತದೆ. ಒಂದು ಕಡೆ ನಾನು ಹಾಗೆ ಬಿಟ್ಟು ಹೋಗಿ ಮೂರು ತಿಂಗಳು ಆ ದಾರಿಯನ್ನೇ ಕಳೆದುಕೊಂಡೆ. ಯಜಮಾನರ ಮನೆಗೆ ಹೋಗಿ ತಪ್ಪಾಯಿತು ಎಂದು ಒಪ್ಪಿಕೊಂಡ ಮೇಲೆಯೇ ಅವರು ಮತ್ತೆ ಬಿಟ್ಟದ್ದು. ಕರೆಂಟು ಹರಿಯುವ ಐಬೆಕ್ಸ್ ಬೇಲಿ ಕಂಡಲ್ಲಿ ತಂತಿ ಮುಟ್ಟುವ ಮಾತೇ ಇಲ್ಲ, ಸುತ್ತಿ ಬಂದರೂ ಸರಿಯೇ. ಅಡಿಕೆ ಕೊನೆ ಕೊಯ್ಲಿನ ದಿನಗಳಲ್ಲಿ ತೋಟದ ದಾರಿ ಅವರ ಕೆಲಸದ ಜಾಗ, ಆಗ ನಾನು ಅತ್ತ ಹೋಗುವುದಿಲ್ಲ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಬಂದಾಗ ಓಟ ನಿಲ್ಲಿಸಿ ಶೂ ಬಿಚ್ಚುತ್ತೇನೆ. ಇಬ್ಬನಿಗೆ ನೆನೆದ ಕಲ್ಲು ಪಾದಕ್ಕೆ ತಣ್ಣಗೆ ಹತ್ತುತ್ತದೆ. ಎದುರಿನ ಮಂಟಪದಲ್ಲಿ ದೊಡ್ಡ ನಂದಿ. ಒಳಗೆ ಗರ್ಭಗುಡಿಯ ಮುಂದಿನ ನೆಲದಲ್ಲಿ ಮೂವರು ನಾಯಕರು ಅಡ್ಡಬಿದ್ದ ಕೆತ್ತನೆ, ಮೇಲೆ ಅವರವರ ಹೆಸರು. ದೇವರ ದರ್ಶನಕ್ಕೆ ಬಂದವರ ಪಾದದ ಅಡಿಯಲ್ಲಿ ರಾಜರು. ಅವರಲ್ಲಿ ಹುಚ್ಚ ಸೋಮಶೇಖರನ ಕೈಕಾಲಿಗೆ ಬೇಡಿ.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಕಂಬಗಳು. ಇಲ್ಲಿಯ ನಡುಗಂಬಗಳ ನಡುವಿನ ಅಂತರವೇ ನಾಯಕರ ಕಾಲದಲ್ಲಿ ತೋಟ ಅಳೆಯುವ ಕೋಲಿನ ಅಳತೆ ಎಂದು ಹಳೆಯ ಮೈಸೂರು ಗ್ಯಾಸೆಟಿಯರ್ ಹೇಳುತ್ತದೆ: 18 ಅಡಿ 6 ಅಂಗುಲ. ಅಳತೆಯಲ್ಲಿ ತಕರಾರು ಬಂದರೆ ದೇವರ ಮನೆಯ ಕಂಬ ಸಾಕ್ಷಿ! ಮನೆಗೆ ಬಂದು ಲೆಕ್ಕ ಹಾಕಿದೆ. ಸುಮಾರು 5.64 ಮೀಟರು. ನಾನು ನಿಧಾನಕ್ಕೆ ಓಡುವಾಗ ಹೆಜ್ಜೆ 94 ಸೆಂಟಿಮೀಟರು ಬೀಳುತ್ತದೆ, ಅಂದರೆ ಸರಿಯಾಗಿ ಆರು ಹೆಜ್ಜೆಗೆ ಒಂದು ಕೋಲು. ಅಂದಿನಿಂದ ಏರು ಬಂದಾಗ ಕಿಲೋಮೀಟರು ನೋಡುವುದನ್ನು ಬಿಟ್ಟು ಕೋಲು ಎಣಿಸುತ್ತೇನೆ. ಆರಕ್ಕೊಂದು, ಆರಕ್ಕೊಂದು. ಉಸಿರೂ ಅದೇ ಲಯಕ್ಕೆ ಬರುತ್ತದೆ. 177 ಕೋಲಿಗೆ ಒಂದು ಕಿಲೋಮೀಟರು.

1623ರಲ್ಲಿ ಇಲ್ಲಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ, ಪಟ್ಟಣದ ಹೊರಗಿನ ಸುತ್ತಿಗೆ ಗೋಡೆಯ ಬದಲು ಒತ್ತಾಗಿ ಬೆಳೆಸಿದ ಬಿದಿರು ಇತ್ತು ಎಂದು ಬರೆದಿದ್ದಾನೆ. ಅರಮನೆ ಮಣ್ಣು, ಮರದ್ದು. ಇವತ್ತು ನಿಂತಿರುವುದು ದೇವಸ್ಥಾನ ಮಾತ್ರ. ದಾರಿಯ ಪಕ್ಕ ಬಿದಿರುಮೆಳೆ ಕಂಡಾಗಲೆಲ್ಲ ಅದನ್ನು ದಾಟುವಾಗ ನನಗೆ ಕೋಟೆಯ ಬಾಗಿಲು ದಾಟಿದ ಹಾಗೆ ಅನ್ನಿಸುತ್ತದೆ.

ಈಗ ಕಾನಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ದೂರದಿಂದ ಬಂದು ಓಡುವವರಿಗೆ ಇದು ಗೊತ್ತಿರುವುದಿಲ್ಲ.

ಮಳೆಗಾಲದಲ್ಲಿ ಕಾಟ ಕೊಡುವುದು ಇಂಬಳ, ಅಂದರೆ ಜಿಗಣೆ. ಹೊಗೆಸೊಪ್ಪು, ಸುಣ್ಣ, ಎಣ್ಣೆ ಕಲಸಿ ಕಾಲಿಗೆ ಹಚ್ಚಿಕೊಂಡರೆ ಹತ್ತುವುದು ಕಡಿಮೆ. ಹತ್ತಿದರೂ ಕಿತ್ತು ಎಳೆಯದೆ ಸುಣ್ಣ ಮುಟ್ಟಿಸಿದರೆ ತಾನೇ ಬಿಡುತ್ತದೆ, ರಕ್ತ ಸ್ವಲ್ಪ ಹೊತ್ತು ಹರಿದು ನಿಲ್ಲುತ್ತದೆ. ಅದಕ್ಕಿಂತ ಪಾಚಿ ಕಟ್ಟಿದ ಜಂಬಿಟ್ಟಿಗೆಯ ಮೇಲೆ ಜಾರುವುದೇ ಅಪಾಯ; ಒಂದು ಜುಲೈಯಲ್ಲಿ ಬಿದ್ದು ಮೊಣಕೈ ಒಡೆದುಕೊಂಡಿದ್ದೇನೆ. ಇವೆಲ್ಲ ಸಣ್ಣ ತೊಂದರೆಗಳು.

ದೊಡ್ಡದು ಉಣುಗು, ಅಂದರೆ ಮಂಗನ ಕಾಯಿಲೆ ಹರಡುವ ಉಣ್ಣಿ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018ರ ಕೊನೆಯಿಂದ 2019ರವರೆಗೆ ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳು ಹೋದವು. ಡಿಸೆಂಬರಿನಿಂದ ಮೇ ತನಕ ದರಕಿನ (ಉದುರಿದ ಎಲೆಯ) ಮೇಲೆ ಮರಿ ಉಣುಗು ಹೆಚ್ಚು, ಕಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ಸಣ್ಣವು. ಒಣಗಿದ ಎಲೆಯ ಮೇಲೆ ಓಡುವ ಸದ್ದು ಎಷ್ಟೇ ಹಿತವಾದರೂ ಆ ಆರು ತಿಂಗಳು ನಾನು ಕಾನಿಗೆ ಕಾಲಿಡುವುದಿಲ್ಲ. ಅಂಚಿನಲ್ಲಿ ಹೋಗಲೇಬೇಕಾಗಿ ಬಂದರೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಹಚ್ಚಿ, ಉದ್ದ ಕಾಲುಚೀಲದೊಳಗೆ ಪ್ಯಾಂಟು ಸೇರಿಸಿ ಹೋಗುತ್ತೇನೆ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು ಹಾಕಿ ಸ್ನಾನ, ಆಮೇಲೆ ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಹಿಂದೆ ಕೈಯಾಡಿಸಿ ನೋಡಿಕೊಳ್ಳುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹಿಂದಿರುಗಿ, ಊರಿನ ಆಶಾ ಕಾರ್ಯಕರ್ತೆಗೆ ಹೇಳುತ್ತೇನೆ. ಓಡಿ ಬಂದ ಎರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಎಂಬ ಮಾತನ್ನು ಮೊದಲು ಹೇಳಿ.

ಹಾಗಾಗಿ ನನಗೆ ಈ ದಾರಿ ಪೂರ್ತಿಯಾಗಿ ಸಿಗುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ. ಮಳೆ ಹೊಳವಾಗಿರುತ್ತದೆ, ನೆಲ ಹಸಿ, ಸಂಕದ ಕೆಳಗೆ ಹಳ್ಳ ತಿಳಿ. ಕಾನಿನೊಳಗೆ ಹೊಕ್ಕ ಕೂಡಲೇ ಬೆವರು ತಣ್ಣಗಾಗುತ್ತದೆ. ರಾಮಪತ್ರೆ, ಉಪ್ಪಾಗೆ, ಹೆಸರು ಗೊತ್ತಿಲ್ಲದ ಎಷ್ಟೋ ಮರಗಳು. ಅಲ್ಲಿ ನಾನು ಓಟವನ್ನು ನಡಿಗೆಗೆ ಇಳಿಸುತ್ತೇನೆ. ಬೇರಿಗೆ ಕಾಲು ತಾಗುವುದೊಂದು ಕಾರಣ. ಕಾಟಿ (ಕಾಡುಕೋಣ) ಎದುರಾದರೆ ಮೊದಲೇ ಕಾಣಬೇಕು ಎನ್ನುವುದು ಇನ್ನೊಂದು.

ಕೆಳದಿ ಸೇರುವಾಗ ಕಾಲು ಸೋತಿರುತ್ತದೆ. ರಾಮೇಶ್ವರ, ವೀರಭದ್ರ ಗುಡಿಗಳು ಇಕ್ಕೇರಿಯಷ್ಟು ಎತ್ತರವಿಲ್ಲ, ಮನೆಯಂತೆ ತಗ್ಗಿಕೊಂಡಿವೆ. ವೀರಭದ್ರ ಗುಡಿಯ ಚಾವಣಿಯ ಗಂಡಭೇರುಂಡ ನೋಡಲು ಕತ್ತು ಎತ್ತಿದರೆ ಓಟದಲ್ಲಿ ಬಿಗಿದ ಹೆಗಲು ಸಡಿಲವಾಗುತ್ತದೆ. ಬಿಡುವಿದ್ದರೆ ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಬೆಳೆಸಿದ ವಸ್ತುಸಂಗ್ರಹಾಲಯ ನೋಡಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮನ ವಂಶದ ಊರಲ್ಲಿ ನಿಂತು ಅದನ್ನು ನೋಡುವುದೇ ಬೇರೆ. ಹಿಂದಕ್ಕೆ ನಾನು ಬಸ್ಸಿನಲ್ಲೇ ಬರುವುದು.

ಈ ವರ್ಷದ ಕಾನಿನ ಕೊನೆಯ ಓಟ ಕಳೆದ ಭಾನುವಾರ ಆಯಿತು. ಎಲೆ ಆಗಲೇ ಉದುರತೊಡಗಿತ್ತು. ದಣಪೆ ದಾಟಿ, ಮೂರೂ ಗಳ ಮತ್ತೆ ಹಾಕಿದೆ. ಮುಂಗಾರು ನೆಲ ನೆನೆಸುವ ತನಕ ಇನ್ನು ಡಾಂಬರು ರಸ್ತೆ.