ಚೆನ್ನಾಗಿರುವಾಗಲೇ ತೆಗೆದಿಟ್ಟ ಟ್ರೋಪೋನಿನ್: ಒಂದು ಸಣ್ಣ ಡಯಾಲಿಸಿಸ್ ಯೂನಿಟ್‌ನ ಅನುಭವ

"ಡಯಾಲಿಸಿಸ್ ಪೇಷೆಂಟ್‌ಗೆ ಟ್ರೋಪೋನಿನ್ ಯಾಕೆ ಮಾಡಿಸ್ತೀರಿ ಡಾಕ್ಟ್ರೇ? ಎಲ್ಲರದ್ದೂ ಪಾಸಿಟಿವ್ ಬರುತ್ತೆ. ಸುಮ್ನೆ ದುಡ್ಡು ದಂಡ."

ಸುಮಾರು ಐದು ವರ್ಷದ ಹಿಂದೆ ಫೋನಿನಲ್ಲಿ ಹೀಗೆ ಹೇಳಿದವರು ಒಬ್ಬ ಹಿರಿಯ ಹೃದ್ರೋಗ ತಜ್ಞರು. ಟ್ರೋಪೋನಿನ್ ಅಂದರೆ ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುವ ಪ್ರೋಟೀನ್, ಹಾರ್ಟ್ ಅಟ್ಯಾಕ್ ಪತ್ತೆಗೆ ಅದನ್ನು ಅಳೆಯುತ್ತಾರೆ. ಅವರ ಮಾತು ಅರ್ಧ ನಿಜ. ಉಳಿದ ಅರ್ಧದ ಹಿಂದೆ ಬಿದ್ದು ನಾನು ಎರಡೂವರೆ ವರ್ಷ ಕಳೆದೆ, ಕೈಯಿಂದಲೂ ಒಂದಷ್ಟು ಹೋಯಿತು. ಆ ಪ್ರಯೋಗ ಈಗ ಕೆಲಸ ಮಾಡುತ್ತಿದೆ. ಅದಕ್ಕೇ ಬರೆಯುವ ಧೈರ್ಯ.

ನಮ್ಮದು ಮಲೆನಾಡಿನ ಅಂಚಿನ ಊರು. 9 ಮೆಷಿನ್, 40ರ ಆಸುಪಾಸು ರೋಗಿಗಳು. ಅರ್ಧಕ್ಕಿಂತ ಜಾಸ್ತಿ ಜನ ವಾರಕ್ಕೆ ಮೂರರ ಬದಲು ಎರಡೇ ಸಲ ಬರುತ್ತಾರೆ. ಕಾರಣ ನಿಮಗೂ ಗೊತ್ತು, ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿ. (ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ನಮ್ಮಲ್ಲಿ ಅವರು ತಪ್ಪಿಸೋದು ಕಡಿಮೆಯಾಗಿದೆ. ಗಂಡಸರು ಹಾಗೇ ಇದ್ದಾರೆ.) ಕ್ಯಾತ್ ಲ್ಯಾಬ್ (ಹೃದಯದ ರಕ್ತನಾಳ ನೋಡಿ ಸ್ಟೆಂಟ್ ಹಾಕುವ ಜಾಗ) ಇರುವುದು ಇಲ್ಲಿಂದ 110 ಕಿಲೋಮೀಟರ್ ದೂರದಲ್ಲಿ.

ಮೊದಲು ಹೇಗಿತ್ತು ಅಂದರೆ, ಯಾರಾದರೂ ಎದೆ ಭಾರ ಅಂದರು ಅಂತಿಟ್ಟುಕೊಳ್ಳಿ. ಇಸಿಜಿ ತೆಗೆದರೆ ಹಳೇ ಎಲ್‌ವಿಎಚ್, ಸ್ಟ್ರೇನ್ (ಹೃದಯದ ಗೋಡೆ ದಪ್ಪವಾಗಿ ಒತ್ತಡದಲ್ಲಿರುವ ಗುರುತು), ಅದೇ ಚಿತ್ರ. ಟ್ರೋಪೋನಿನ್ ಕಾರ್ಡ್ ಟೆಸ್ಟ್ ಹಾಕಿದರೆ ಎರಡು ಗೆರೆ, ಅಂದರೆ ಪಾಸಿಟಿವ್. ಆಂಬುಲೆನ್ಸ್‌ಗೆ ಏಳೆಂಟು ಸಾವಿರ. ಅಲ್ಲಿ ಎರಡು ದಿನ ಇಟ್ಟುಕೊಂಡು ಏನೂ ಇಲ್ಲ ಅಂತ ವಾಪಸ್ ಕಳಿಸುತ್ತಿದ್ದರು. ಅಷ್ಟರಲ್ಲಿ ಇಲ್ಲಿಯ ಡಯಾಲಿಸಿಸ್ ತಪ್ಪಿ, ಮೈ ತುಂಬ ನೀರು ಹೊತ್ತುಕೊಂಡು ಬರುತ್ತಿದ್ದರು. ನಮ್ಮಲ್ಲಿ ಒಬ್ಬರು ನಿವೃತ್ತ ಬಸ್ ಕಂಡಕ್ಟರ್ ಇದ್ದಾರೆ. ಒಂದೇ ವರ್ಷದಲ್ಲಿ ಅವರನ್ನು ಮೂರು ಸಲ ಹೀಗೆ ಕಳಿಸಿದ್ದೆ. ಮೂರನೇ ಸಲ ವಾಪಸ್ ಬಂದವರು, "ಸಾರ್, ನಾನು ಸರ್ವೀಸಲ್ಲಿದ್ದಾಗಲೂ ಈ ರೂಟಲ್ಲಿ ಇಷ್ಟು ಟ್ರಿಪ್ ಹೊಡೆದಿಲ್ಲ" ಅಂದರು. ನಗು ಬಂತು, ನಾಚಿಕೆಯೂ ಆಯಿತು.

ನಾನು ಮಾಡಿದ್ದು ಇಷ್ಟೇ. ಎಲ್ಲರ ಟ್ರೋಪೋನಿನ್ ಅನ್ನು ಅವರು ಆರಾಮಾಗಿರುವಾಗಲೇ ಒಮ್ಮೆ ಮಾಡಿ, ಫೈಲಿನ ಹೊರಗೆ ಹಳದಿ ಚೀಟಿಯಲ್ಲಿ ಬರೆದು ಅಂಟಿಸುವುದು. ನೋವು ಬಂದಾಗ ಪುಸ್ತಕದ ಕಟಾಫ್ ನೋಡುವುದಿಲ್ಲ, ಚೀಟಿ ನೋಡುತ್ತೇನೆ. ಹೈ ಸೆನ್ಸಿಟಿವ್ ಟ್ರೋಪೋನಿನ್ ಟಿಗೆ (ಟ್ರೋಪೋನಿನ್‌ನಲ್ಲಿ ಅಳೆಯುವ ಬಗೆ ಎರಡು, ಟಿ ಮತ್ತು ಐ) ಲೀಟರ್‌ಗೆ 14 ನ್ಯಾನೋಗ್ರಾಂ ಅಂತಾರಲ್ಲ, ನಮ್ಮ 40 ಜನರಲ್ಲಿ ಒಬ್ಬರದ್ದೂ 14ರ ಕೆಳಗೆ ಇರಲಿಲ್ಲ. ಕಡಿಮೆ ಅಂದರೆ 22, ಜಾಸ್ತಿ ಅಂದರೆ 190ರ ಹತ್ತಿರ. 190ರವರು ಅವತ್ತು ತೋಟಕ್ಕೆ ಹೋಗಿ ಬಂದಿದ್ದರು!

ಐಡಿಯಾ ನನ್ನದಲ್ಲ. ಹಾರ್ಟ್ ಅಟ್ಯಾಕಿನ 2018ರ ಅಂತರರಾಷ್ಟ್ರೀಯ ವ್ಯಾಖ್ಯೆಯಲ್ಲೇ ಏರಿಳಿತ ನೋಡಿ ಅಂತಿದೆ. ಮೊದಲೇ ಮೇಲಿರುವ ನಂಬರ್ 20 ಪರ್ಸೆಂಟ್‌ಗಿಂತ ಜಾಸ್ತಿ ಬದಲಾದರೆ ಹುಷಾರು ಅನ್ನುವುದೂ ಹಳೇ ಮಾತೇ. ಆದರೆ ಅದನ್ನು ಸಣ್ಣ ಊರಲ್ಲಿ ಮಾಡಿ ತೋರಿಸುವುದು ಬೇರೆ. ನಾನು ಎಲ್ಲೆಲ್ಲಿ ಎಡವಿದೆ ಅಂತ ಹೇಳಿದರೆ ನಿಮಗೆ ದುಡ್ಡು ಉಳಿಯಬಹುದು.

ಮೊದಲ ಸುತ್ತು ಪೂರ್ತಿ ಹಾಳಾಯಿತು. ಸ್ಯಾಂಪಲ್‌ಗಳನ್ನು ಸಿಟಿಯ ಲ್ಯಾಬ್‌ಗೆ ಕಳಿಸಿದೆ, ತಲಾ 900 ರೂಪಾಯಿಗೆ ಒಪ್ಪಿಸಿ. ಒಟ್ಟು 36 ಸಾವಿರ. ಅರ್ಧ ಆಸ್ಪತ್ರೆ ಕೊಟ್ಟಿತು, ಅರ್ಧ ನಾನು ಹಾಕಿದೆ. ಅದು ಟ್ರೋಪೋನಿನ್ ಟಿ. ಐದು ತಿಂಗಳಾದ ಮೇಲೆ ನಮ್ಮಲ್ಲೇ ಸಣ್ಣ ಅನಲೈಸರ್ ಬಂತು, ಅದು ಅಳೆಯುವುದು ಟ್ರೋಪೋನಿನ್ ಐ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಲು ಆಗುವುದಿಲ್ಲ. ಐ ಅಂದರೂ ಒಂದೊಂದು ಕಂಪನಿಯ ಕಿಟ್ ಒಂದೊಂದು ನಂಬರ್ ಕೊಡುತ್ತದೆ. ಇದು ಗೊತ್ತಿರಲಿಲ್ಲವೇ ಅಂತ ಕೇಳಬೇಡಿ. ಗೊತ್ತಿತ್ತು. ಮೆಷಿನ್ ಬಂದ ಖುಷಿಯಲ್ಲಿ ತಲೆಗೆ ಹೋಗಲಿಲ್ಲ. ಹಳದಿ ಚೀಟಿಗಳನ್ನೆಲ್ಲ ಕಿತ್ತು ಮತ್ತೆ ಮೊದಲಿಂದ ಶುರು.

ಆಮೇಲೆ ಯೂನಿಟ್ ಗೊಂದಲ. ಹೊರಗಿನ ಒಂದು ರಿಪೋರ್ಟಿನಲ್ಲಿ 0.045 ಅಂತ ಬಂದಿತ್ತು. ನಮ್ಮ ಡ್ಯೂಟಿ ಡಾಕ್ಟರ್ "ನಾರ್ಮಲ್ ಸಾರ್, ಸೊನ್ನೆ ಪಾಯಿಂಟ್ ಇದೆ" ಅಂದರು. ಅದು ಮಿಲಿಲೀಟರ್ ಲೆಕ್ಕ, ಲೀಟರ್‌ಗೆ 45. ಈಗ ಚೀಟಿಯಲ್ಲಿ ನಂಬರ್ ಜೊತೆ ಟಿನೋ ಐನೋ, ಯಾವ ಮೆಷಿನ್, ಯಾವ ಯೂನಿಟ್ ಅಂತ ಕೆಂಪು ಪೆನ್ನಿನಲ್ಲಿ ಬರೆಯುತ್ತೇವೆ.

ರಕ್ತ ಯಾವಾಗ ತೆಗೆಯಬೇಕು ಅನ್ನುವುದೇ ದೊಡ್ಡ ಜಗಳ. ನಮ್ಮ ಟೆಕ್ನಿಷಿಯನ್ ಹುಡುಗ ತನ್ನ ಅನುಕೂಲಕ್ಕೆ ಲೈನ್ ಹಾಕಿ, ಹೆಪಾರಿನ್ ಕೊಟ್ಟು, ಆಮೇಲೆ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಟ್ಯೂಬ್‌ಗೆ ತೆಗೆಯುತ್ತಿದ್ದ. ಹೆಪಾರಿನ್ ಸೇರಿದ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಸೀರಮ್‌ನಲ್ಲಿ ಫೈಬ್ರಿನ್ (ಹೆಪ್ಪಿನ ನಾರು) ಎಳೆ ಉಳಿದು, ಇಲ್ಲದ ಟ್ರೋಪೋನಿನ್ ಇದೆ ಅಂತ ಮೆಷಿನ್ ತೋರಿಸಿಬಿಡಬಹುದು. ಒಬ್ಬರದ್ದು 40 ಇದ್ದದ್ದು 310 ಬಂತು. ಅದೇ ಟ್ಯೂಬನ್ನು ಸೆಂಟ್ರಿಫ್ಯೂಜ್‌ನಲ್ಲಿ ಮತ್ತೆ ತಿರುಗಿಸಿ ಹಾಕಿದರೆ 43. ಈಗ ನಿಯಮ ಒಂದೇ: ಸೂಜಿ ಚುಚ್ಚಿದ ಕೂಡಲೇ, ಹೆಪಾರಿನ್‌ಗೂ ಮೊದಲು. ಡಯಾಲಿಸಿಸ್ ಇಲ್ಲದೆ ಎರಡು ದಿನದ ದೊಡ್ಡ ಗ್ಯಾಪ್ ಆದ ದಿನ ಬೇಡ, ವಾರದ ನಡುವಿನ ದಿನ. ವಾರಕ್ಕೆ ಎರಡು ಸಲದವರಿಗೆ ಹತ್ತಿರದ ಗ್ಯಾಪ್ ಆದ ದಿನ.

ಬಯೋಟಿನ್ ಕಥೆಯನ್ನೂ ಹೇಳಲೇಬೇಕು. ಟಿ ಕಳಿಸುತ್ತಿದ್ದ ಕಾಲದ್ದು. ಒಬ್ಬ ಅಮ್ಮನವರ ನಂಬರ್ 70 ಇದ್ದದ್ದು ಎರಡನೇ ಸಲ 9 ಬಂತು. ಡಯಾಲಿಸಿಸ್ ರೋಗಿಗೆ 9! ಲ್ಯಾಬಿನವರ ಮೇಲೆ ರೇಗಿದೆ. ಆಮೇಲೆ ಸಿಸ್ಟರ್ ಅವರ ಬ್ಯಾಗ್ ತಪಾಸಣೆ ಮಾಡಿದರು. ಕೂದಲು ಉದುರುತ್ತೆ ಅಂತ ಮಗಳು ಬೆಂಗಳೂರಿಂದ ತಂದುಕೊಟ್ಟ ಮಾತ್ರೆ, 10 ಮಿಲಿಗ್ರಾಂ ಬಯೋಟಿನ್ ಅನ್ನುವ ವಿಟಮಿನ್. ನಮಗೆ ನಿಮಗೆ ಅದು ಮೂತ್ರದಲ್ಲಿ ಹೋಗುತ್ತದೆ. ಇವರಿಗೆ ಮೂತ್ರವೇ ಇಲ್ಲ, ಒಳಗೇ ಕೂತಿರುತ್ತದೆ. ಬಯೋಟಿನ್ ಹಿಡಿತದ ಮೇಲೆ ನಿಂತ ಕಿಟ್‌ಗಳಲ್ಲಿ ಟ್ರೋಪೋನಿನ್ ಸುಳ್ಳೇ ಕಡಿಮೆ ಬರುತ್ತದೆ. ಮಾತ್ರೆ ಬಿಡಿಸಿ ಮೂರು ವಾರ ಬಿಟ್ಟು ಮಾಡಿದರೆ 74. ಅಂದಿನಿಂದ ರಕ್ತ ತೆಗೆಯುವ ಮುಂಚೆ "ಕೂದಲಿಗೆ ಏನಾದ್ರೂ ತಗೋತೀರಾ?" ಅಂತ ಎಲ್ಲರನ್ನೂ ಕೇಳುತ್ತೇವೆ. ಬೋಳುತಲೆಯ ಕಂಡಕ್ಟರ್ ಅವರನ್ನೂ.

ನಡುವೆ ಎನ್‌ಟಿ-ಪ್ರೊಬಿಎನ್‌ಪಿ (ಹೃದಯದ ಮೇಲೆ ಎಷ್ಟು ಭಾರ ಬಿದ್ದಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಹುಚ್ಚು ಹತ್ತಿತ್ತು. ಒಂದಕ್ಕೆ 1,800 ರೂಪಾಯಿ, ಅದೂ ಚೌಕಾಸಿ ಮಾಡಿದ ಮೇಲೆ. ಒಬ್ಬರದ್ದು 28 ಸಾವಿರ ಇತ್ತು. ಡ್ರೈ ವೇಟ್ (ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ) ಅನ್ನು ಆರು ವಾರದಲ್ಲಿ ನಿಧಾನವಾಗಿ ಎರಡು ಕೆಜಿ ಇಳಿಸಿದೆ. ಮತ್ತೆ ಮಾಡಿದರೆ 11 ಸಾವಿರ. ಎಲ್ಲರಿಗೂ ಫೋನ್ ಮಾಡಿ ಹೇಳಿಕೊಂಡೆ. ಆಮೇಲೆ ನೋಡಿದರೆ ಅದೇ ಸಮಯದಲ್ಲಿ ಅವರನ್ನು ಹೈ ಫ್ಲಕ್ಸ್ ಡಯಲೈಸರ್‌ಗೆ (ದೊಡ್ಡ ರಂಧ್ರಗಳ ಫಿಲ್ಟರ್) ಬದಲಾಯಿಸಿದ್ದೆವು, ಎರಡನೇ ಸ್ಯಾಂಪಲ್ ತೆಗೆದದ್ದೂ ಡಯಾಲಿಸಿಸ್ ಮುಗಿದ ಮೇಲೆ. ಹೈ ಫ್ಲಕ್ಸ್‌ನಲ್ಲಿ ಅದು ಒಂದಷ್ಟು ಸೋರಿ ಹೋಗುತ್ತದೆ. ಇಳಿದದ್ದು ನೀರೋ, ಫಿಲ್ಟರೋ, ಹೇಗೆ ಹೇಳಲಿ? ರೋಗಿಯ ಕಾಲು ಊತ ಮಾತ್ರ ನಿಜವಾಗಿ ಇಳಿದಿತ್ತು, ಅದಕ್ಕೆ 1,800 ಬೇಕಿರಲಿಲ್ಲ. ಈಗ ಅದನ್ನು ವರ್ಷಕ್ಕೊಮ್ಮೆ, ಬೇಕಾದವರಿಗೆ ಮಾತ್ರ.

ಇನ್ನೊಂದು ಪ್ರಯೋಗ, ಕೇಳಿ ತಿಳಿಯುವುದು. ಹಾರ್ಟ್ ಫೇಲ್ಯೂರ್ ರೋಗಿಗಳಿಗೆ ಕನ್ಸಾಸ್ ಸಿಟಿ ಪ್ರಶ್ನಾವಳಿ ಇದೆಯಲ್ಲ, 12 ಪ್ರಶ್ನೆಯದ್ದು, ನೂರಕ್ಕೆ ಎಷ್ಟು ಅಂತ ಸ್ಕೋರ್ ಬರುತ್ತದೆ. ಕಿಡ್ನಿ ರೋಗಿಗಳಲ್ಲೂ ಅದನ್ನು ಬಳಸಿದ್ದಾರೆ. ನಾನು ಕನ್ನಡದಲ್ಲಿ ಕೇಳಿದೆ. "ಒಂದು ಬ್ಲಾಕ್ ನಡೆಯುತ್ತೀರಾ?" ಅಂದರೆ ನಮ್ಮೂರಲ್ಲಿ ಬ್ಲಾಕ್ ಎಲ್ಲಿದೆ? "ಬಸ್ ಸ್ಟ್ಯಾಂಡಿಂದ ಇಲ್ಲಿತನಕ" ಅಂತ ಬದಲಾಯಿಸಿದೆ. ಹಾಗೆ ನಾವೇ ತಿದ್ದಿದ ಮೇಲೆ ಬಂದ ಸ್ಕೋರ್ ಯಾವ ಲೆಕ್ಕಕ್ಕೂ ಇಲ್ಲ. ಮೇಲಾಗಿ ಅದಕ್ಕೆ ಪರವಾನಗಿ ಬೇಕು. ಬಿಟ್ಟೆ.

ಆದರೆ ಅದರಿಂದ ಒಂದು ವಿಷಯ ಕಲಿತೆ. ಒಬ್ಬ ಯಜಮಾನರು, ಟ್ರೋಪೋನಿನ್ ಚೀಟಿಯಲ್ಲಿ 150. "ಹೇಗಿದೀರಿ?" ಅಂದರೆ "ಆರಾಮು ಸಾರ್." ದಮ್ಮು? "ಇಲ್ಲ." ನಿದ್ದೆ? "ಒಳ್ಳೇದು." ಆಚೆ ಬಾಗಿಲಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ನಿಂತಿದ್ದ ಅವರ ಹೆಂಡತಿ ಅಲ್ಲಿಂದಲೇ, "ಸುಳ್ಳು ಯಾಕೆ ಹೇಳ್ತೀರಿ? ರಾತ್ರಿ ಎರಡು ಗಂಟೆಗೆ ಎದ್ದು ಕಿಟಕಿ ತೆಗೆದು ಕೂತಿರಲಿಲ್ವಾ?" ಅಂದರು. ಯಜಮಾನರು ಗೋಡೆ ಕಡೆ ತಿರುಗಿ ಮಲಗಿದರು. ಈಗ ನಮ್ಮ ಪ್ರಶ್ನೆ ಮೂರೇ, ಮೂರನ್ನೂ ಮನೆಯವರಿಗೆ ಕೇಳುತ್ತೇವೆ: ಎಷ್ಟು ದಿಂಬು, ರಾತ್ರಿ ಏಳುತ್ತಾರಾ, ಸ್ನಾನ ಮಾಡುವಾಗ ನಡುವೆ ಕೂರುತ್ತಾರಾ. ನಂಬರ್ ಜಾಸ್ತಿ ಇದ್ದವರು ಆರಾಮು ಅನ್ನುವುದೂ, ಕಡಿಮೆ ಇದ್ದವರು ಸುಸ್ತಿನಿಂದ ಬಸವಳಿದಿರುವುದೂ ದಿನಾ ನೋಡುತ್ತೇನೆ. ಸುಸ್ತಿಗೆ ಹಿಮೋಗ್ಲೋಬಿನ್ 7 ಇದ್ದರೂ ಸಾಕು, ಹೃದಯವೇ ಕಾರಣ ಆಗಬೇಕಿಲ್ಲ.

ಸರಿ, ಕೆಲಸ ಮಾಡಿದ್ದು ಹೇಗೆ? ಕಂಡಕ್ಟರ್ ನಾಲ್ಕನೇ ಸಲ ಎದೆ ಭಾರ ಅಂತ ಬಂದರು. ಚೀಟಿಯಲ್ಲಿ 96. ಅವತ್ತು 101, ಮೂರು ಗಂಟೆ ಬಿಟ್ಟು 98. ಇಸಿಜಿ ಹಳೇದರ ಪಡಿಯಚ್ಚು. ಮೂರೂವರೆ ಲೀಟರ್ ನೀರು ತೆಗೆದೆವು, ಭಾರ ಇಳಿಯಿತು. ರಾತ್ರಿ ನಮ್ಮಲ್ಲೇ ಇಟ್ಟುಕೊಂಡೆ. ನಿಜ ಹೇಳಬೇಕೆಂದರೆ ಅವತ್ತು ನಾನೂ ಮಲಗಲಿಲ್ಲ.

ಇನ್ನೊಬ್ಬರು ಅಡಿಕೆ ಸುಲಿಯಲು ಹೋಗುವ ಹೆಂಗಸು, ಸಕ್ಕರೆ ಕಾಯಿಲೆ ಬೇರೆ. ನೋವಿಲ್ಲ, "ನಿನ್ನೆ ರಾತ್ರಿಯಿಂದ ಹೊಟ್ಟೆ ತೊಳಸ್ತಿದೆ" ಅಷ್ಟೇ. ಗ್ಯಾಸ್ಟ್ರಿಕ್ ಅಂತ ಬಿಡುವ ಕೇಸು. ಇಸಿಜಿ ಮೊದಲಿನ ಹಾಗೇ. ಚೀಟಿಯಲ್ಲಿ 38, ಬಂದದ್ದು 61. ಎರಡನೇ ಗಂಟೆಯಲ್ಲಿ ಬಿಪಿ ಬಿತ್ತು, ಡಯಾಲಿಸಿಸ್ ನಿಲ್ಲಿಸಿದೆವು. ಬಿಪಿ ಬಿದ್ದದ್ದಕ್ಕೂ ಟ್ರೋಪೋನಿನ್ ಸ್ವಲ್ಪ ಏರಬಹುದು, ಆ ಅನುಮಾನವೂ ಇತ್ತು. ಆದರೆ 61 ಬಂದದ್ದು ಬಿಪಿ ಬೀಳುವ ಮೊದಲು. ಮೂರನೇ ಗಂಟೆಗೆ 118. ಕಳಿಸಿದೆ. ಎಲ್‌ಎಡಿಯಲ್ಲಿ (ಹೃದಯದ ಮುಂಭಾಗದ ಮುಖ್ಯ ರಕ್ತನಾಳ) ಒಂದು ಸ್ಟೆಂಟ್ ಬಿತ್ತು. ಅವತ್ತು ಆ ಕಡೆ ಇದ್ದವರು ಅದೇ ಹಿರಿಯ ತಜ್ಞರು. ಈಗ ನಾನು ಫೋನ್ ಮಾಡಿದರೆ ಹೆಸರು ಕೇಳುವ ಮೊದಲೇ "ಹಳದಿ ಚೀಟಿಯಲ್ಲಿ ಎಷ್ಟಿದೆ?" ಅಂತಾರೆ. ಸ್ವಲ್ಪ ಜಂಬ ಬಂದರೆ ಕ್ಷಮಿಸಿ.

ಎಲ್ಲವನ್ನೂ ಚೀಟಿ ಹಿಡಿಯುವುದಿಲ್ಲ. ನಂಬರ್ ಒಂದಿಂಚೂ ಅಲುಗದ ಒಬ್ಬರು ದೊಡ್ಡ ಗ್ಯಾಪ್ ಮುಗಿದ ಸೋಮವಾರ ಬೆಳಗ್ಗೆ ಮನೆಯಲ್ಲೇ ತೀರಿಕೊಂಡರು. ರಕ್ತದಲ್ಲಿ ಪೊಟ್ಯಾಸಿಯಮ್ ಏರಿ ಹೃದಯ ನಿಂತಿರಬೇಕು. ಹಾಗೇ ಇಸಿಜಿಯಲ್ಲಿ ಎಸ್‌ಟಿ ಗೆರೆ ಮೇಲೆದ್ದಿದ್ದರೆ (ದೊಡ್ಡ ಹಾರ್ಟ್ ಅಟ್ಯಾಕಿನ ಗುರುತು) ಚೀಟಿಗೂ ಕಾಯಬೇಡಿ, ಮೆಷಿನ್‌ಗೂ ಕಾಯಬೇಡಿ. ರೋಗಿ ಬೆವರುತ್ತಿದ್ದರೂ ಅಷ್ಟೇ.

ದುಡ್ಡಿನ ವಿಷಯ. ಮೆಷಿನ್ ನಾವು ಕೊಂಡಿಲ್ಲ, ಕಿಟ್ ಕೊಳ್ಳುವ ಕರಾರಿನ ಮೇಲೆ ಇಟ್ಟಿದ್ದಾರೆ. ಒಂದು ಟೆಸ್ಟ್ ಈಗ ನಮಗೆ 450 ರೂಪಾಯಿಯ ಸುತ್ತ ಬೀಳುತ್ತದೆ. ತೊಂದರೆ ಏನು ಅಂದರೆ ಕಿಟ್ ತೆರೆದ ಮೇಲೆ 28 ದಿನ ಮಾತ್ರ ಬಾಳುತ್ತದೆ. ಮೊದಲ ವರ್ಷ ಎರಡು ಕಿಟ್ ಅರ್ಧಕ್ಕರ್ಧ ಎಸೆದೆವು, 15 ಸಾವಿರದ ಹತ್ತಿರ ಕಸಕ್ಕೆ ಹೋಯಿತು. ಈಗ ಆರು ತಿಂಗಳಿಗೊಮ್ಮೆ ಮಾಡುವ ಚೀಟಿ ನವೀಕರಣವನ್ನು ಕಿಟ್‌ನ ಕೊನೇ ವಾರಕ್ಕೆ ಜೋಡಿಸಿದ್ದೇನೆ, ಒಂದೂ ಹಾಳಾಗುವುದಿಲ್ಲ. ಕಂಪನಿಯವರನ್ನು 450ಕ್ಕೆ ಇಳಿಸಿದ್ದು ಹೇಗೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ, ಅವರೂ ಕನ್ನಡ ಓದುತ್ತಾರೆ. ಎರಡನೇ ಟೆಸ್ಟ್‌ಗೆ ಮೂರು ಗಂಟೆ ಕಾಯುವ ಬದಲು ನಾನು ನೋಡುವ ಇನ್ನೊಂದು ಲೆಕ್ಕ ಇದೆ. ಅದನ್ನೂ ಇನ್ನೊಂದಷ್ಟು ಕೇಸು ನೋಡಿಯೇ ಹೇಳುತ್ತೇನೆ.

ಈಗ ಇನ್ನೂ ಡಯಾಲಿಸಿಸ್‌ಗೆ ಬಾರದ, ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ನಂಬರ್) ನಾಲ್ಕೈದು ಇರುವ ಓಪಿಡಿ ರೋಗಿಗಳಿಗೂ ಚೀಟಿ ಮಾಡಲು ಹೊರಟಿದ್ದೇನೆ. ಇಲ್ಲಿಯತನಕ ಆರು ಜನ ಆಗಿದ್ದಾರೆ. ಏಳನೆಯವರು, ಮೇಷ್ಟ್ರು, "ಚೆನ್ನಾಗೇ ಇದೀನಲ್ಲ ಡಾಕ್ಟ್ರೇ, ಎದೆ ನೋವು ಬಂದಾಗ ತಗೊಳ್ಳಿ" ಅಂತ ತೋಳು ಇಳಿಸಿಕೊಂಡು ಹೋದರು. ಮುಂದಿನ ಗುರುವಾರ ಮತ್ತೆ ಬರುತ್ತಾರೆ.