ಕರಪತ್ರ ಹಳೆಯದೇ, ಲಿಂಕ್ ಹೊಸದು

ಮಲ್ಪೆಯಲ್ಲಿ ನಮ್ಮ ಹೋಂಸ್ಟೇ ಇದೆ. ಬುಕಿಂಗ್ ಪುಟದ ವಿಳಾಸ ಬದಲಾದಾಗ ಕರಪತ್ರದ ಕ್ಯೂಆರ್ ಕೋಡ್ ಕೆಲಸಕ್ಕೆ ಬಾರದಾಯಿತು. ಸಾಮಾನ್ಯ ಕೋಡ್‌ನಲ್ಲಿ ವಿಳಾಸ ಆ ಕಪ್ಪು ಚೌಕಗಳಲ್ಲೇ ಅಚ್ಚಾಗಿರುತ್ತದೆ, ತಿದ್ದಲು ಬರುವುದಿಲ್ಲ.

ಡೈನಾಮಿಕ್ ಕೋಡ್‌ನಲ್ಲಿ ಇರುವುದು ಒಂದು ಚಿಕ್ಕ ಲಿಂಕ್ ಮಾತ್ರ. ಅದು ಎಲ್ಲಿಗೆ ಹೋಗಬೇಕು ಅನ್ನೋದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಆದರೆ ಇಂಥ ಕೋಡ್ ಮಾಡಿಕೊಡುವ ಕೆಲವು ಸೈಟ್‌ಗಳಲ್ಲಿ ಚಂದಾ ನಿಲ್ಲಿಸಿದರೆ ಕೋಡೂ ನಿಲ್ಲುತ್ತದೆ. ಮಳೆಗಾಲದಲ್ಲಿ ಸೇಂಟ್ ಮೇರಿಸ್ ದ್ವೀಪದ ಬೋಟ್ ನಿಂತರೆ ನಮಗೆ ಅತಿಥಿಗಳೇ ಕಡಿಮೆ. ಆಗಲೂ ಸುಮ್ನೆ ದುಡ್ಡು ಕಟ್ಟಬೇಕಾ?

ಹಾಗಾಗಿ ನಮ್ಮದೇ ಡೊಮೇನ್‌ನಲ್ಲಿ ಚಿಕ್ಕ ವಿಳಾಸ ಮಾಡಿ, ಅಲ್ಲಿಂದ ಬುಕಿಂಗ್ ಪುಟಕ್ಕೆ ತಾನಾಗಿಯೇ ಹೋಗುವಂತೆ ರೀಡೈರೆಕ್ಟ್ ಹಾಕಿದೆ. 302 ಅನ್ನೋ ತಾತ್ಕಾಲಿಕ ರೀಡೈರೆಕ್ಟೇ ಹಾಕಿ. ಶಾಶ್ವತದ 301 ಆದರೆ ಬ್ರೌಸರ್ ಹಳೆಯ ಜಾಗವನ್ನೇ ನೆನಪಿಟ್ಟುಕೊಳ್ಳಬಹುದು. ಲಿಂಕ್ ಚಿಕ್ಕದಾದರೆ ಚೌಕಗಳೂ ಕಡಿಮೆ, ಸ್ಕ್ಯಾನ್ ಬೇಗ ಆಗುತ್ತದೆ.

ಉಳಿದ ಕರಪತ್ರ ಎಸೆಯಲಿಲ್ಲ. ಹೊಸ ಕೋಡ್‌ನ ಸ್ಟಿಕ್ಕರ್ ಮಾಡಿಸಿ ಹಳೆಯದರ ಮೇಲೆ ಅಂಟಿಸಿದೆವು.