ಆಲಿವಿನ್ ಹರಳಿನಲ್ಲಿ ನೀರು ಹುಡುಕಿದ್ದು

ಆಲಿವಿನ್ ಎಂಬ ಖನಿಜದ ರಾಸಾಯನಿಕ ಸೂತ್ರದಲ್ಲಿ ಹೈಡ್ರೋಜನ್ ಇಲ್ಲವೇ ಇಲ್ಲ. ಆದರೂ ಭೂಮಿಯ ಹೊರಪದರದ ಕೆಳಗಿರುವ ಮ್ಯಾಂಟಲ್‌ನಿಂದ ಮೇಲೆ ಬಂದ ಹರಳುಗಳಲ್ಲಿ ಅದು ಒಂಚೂರು ಇರುತ್ತದೆ. ಸಿಲಿಕಾನೋ ಮೆಗ್ನೀಷಿಯಮ್ಮೋ ಕೂರಬೇಕಾದ ಜಾಗ ಖಾಲಿ ಬಿದ್ದರೆ, ಪ್ರೋಟಾನ್‌ಗಳು, ಅಂದರೆ ಹೈಡ್ರೋಜನ್‌ನ ಬೀಜಗಳು, ಪಕ್ಕದ ಆಕ್ಸಿಜನ್‌ಗೆ ಅಂಟಿಕೊಂಡು ಚಾರ್ಜ್ ಸರಿದೂಗಿಸುತ್ತವೆ. ನಾವು 'ನೀರು' ಅನ್ನುವುದು ಇದನ್ನೇ.

ಹರಳನ್ನು ಸುಮಾರು ಅರ್ಧ ಮಿಲಿಮೀಟರ್ ದಪ್ಪಕ್ಕೆ ತಂದು, ಎರಡೂ ಬದಿ ಪಾಲಿಶ್ ಮಾಡಿ ಇನ್‌ಫ್ರಾರೆಡ್ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಮೊದಲ ಸ್ಪೆಕ್ಟ್ರಂನಲ್ಲೇ, ಅಂದರೆ ಹರಳು ಯಾವ ಬೆಳಕನ್ನು ಎಷ್ಟು ಹೀರಿತು ಎಂದು ತೋರಿಸುವ ನಕ್ಷೆಯಲ್ಲೇ, ಸಾಲು ಸಾಲು ಪೀಕ್‌ಗಳು! ತುಂಬಾ ಖುಷಿಯಾಯಿತು. ಆದರೆ 2850ರಿಂದ 2960 ಸೆಂ.ಮೀ.⁻¹ (ಒಂದು ಸೆಂಟಿಮೀಟರಿನಲ್ಲಿ ಬೆಳಕಿನ ಎಷ್ಟು ಅಲೆ ಎಂಬ ಅಳತೆ) ನಡುವಿನವು ಪಾಲಿಶ್ ಮಾಡುವಾಗ ಬಳಸಿದ ಅಂಟಿನವು. ಹರಳನ್ನು ರಾತ್ರಿಯಿಡೀ ಅಸಿಟೋನ್‌ನಲ್ಲಿ ನೆನೆಸಿದ ಮೇಲೆ ಹೋದವು. 3685ರ ಹತ್ತಿರದ್ದು ಮಾತ್ರ ಹೋಗಲಿಲ್ಲ. ಅದು ಬಿರುಕುಗಳಲ್ಲಿ ಬೆಳೆದ ಸರ್ಪೆಂಟೈನ್ ಎಂಬ, ನೀರು ಸೇರಿದ ಬೇರೆ ಖನಿಜ. ಬಿರುಕಿಲ್ಲದ ಜಾಗ ಹುಡುಕಿ, ಬೆಳಕಿನ ಕಿಂಡಿಯನ್ನು 50 ಮೈಕ್ರಾನ್‌ಗೆ ಇಳಿಸಿ ಮತ್ತೆ ಅಳೆದೆ. ಆಗ 3572 ಮತ್ತು 3525 ಎರಡೇ ಎದ್ದು ನಿಂತವು. ಈ ಜೋಡಿ ಟೈಟಾನಿಯಂ ಜೊತೆ ಕೂಡಿದ, ಹರಳಿನ ಜೋಡಣೆಯ ದೋಷದ ಗುರುತು. ಬರೀ ಸಿಲಿಕಾನ್ ಜಾಗ ಖಾಲಿಯಾಗಿದ್ದರೆ 3612ರ ಪೀಕ್ ಜೋರಾಗಿರಬೇಕಿತ್ತು. ಹೈಡ್ರೋಜನ್ ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿ ಕೂತಿದೆ ಅನ್ನುವುದು ನನಗೆ ಹೆಚ್ಚು ಮುಖ್ಯ. ಹರಳು ಯಾವ ಪರಿಸರದಲ್ಲಿ ಬೆಳೆಯಿತು ಅನ್ನುವ ಸುಳಿವು ಅಲ್ಲೇ ಇರುವುದು, ಅಲ್ವಾ?

ನಿಜವಾದ ಪಾಠ ಸಿಕ್ಕಿದ್ದು, ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಕಟ್ಟಿಹಾಕುವ ಪೋಲರೈಸರ್ ಹಾಕಿದಾಗ. ಬೆಳಕಿನ ಕಂಪನ ಹರಳಿನ ಮೂರು ಅಕ್ಷಗಳಲ್ಲಿ ಒಂದಾದ ಎ ಅಕ್ಷದ ಉದ್ದಕ್ಕಿದ್ದಾಗ ಆ ಎರಡು ಪೀಕ್‌ಗಳು ಎತ್ತರ. ಪೋಲರೈಸರ್ ತೊಂಬತ್ತು ಡಿಗ್ರಿ ತಿರುಗಿಸಿದರೆ ಕುಗ್ಗಿ ಹೋದವು. ಅದೇ ಹರಳು, ಅದೇ ಜಾಗ! ಹಾಗಾಗಿ ಸುಮ್ನೆ ಒಂದು ಸ್ಪೆಕ್ಟ್ರಂ ತೆಗೆದು ಲೆಕ್ಕ ಹಾಕುವುದನ್ನು ಬಿಟ್ಟೆ. ಮೂರೂ ಅಕ್ಷಗಳಲ್ಲಿ ಅಳೆದು ಕೂಡಿಸುತ್ತೇನೆ. ಮೂರನೆಯದಕ್ಕೆ ಇನ್ನೊಂದು ಮುಖ ಪಾಲಿಶ್ ಮಾಡಲೇಬೇಕು, ಕೆಲಸ ಜಾಸ್ತಿ. ಹರಳು ಯಾವ ಕಡೆ ತಿರುಗಿದೆ ಎಂದು ತಿಳಿಯಲು 1600ರಿಂದ 2100ರ ನಡುವಿನ ಸಿಲಿಕೇಟ್ ಪಟ್ಟಿಗಳ ಆಕಾರ ಸಾಕಾಗುತ್ತದೆ.

ಬೇಸ್‌ಲೈನ್, ಅಂದರೆ ಪೀಕ್‌ಗಳ ತಳದ ಗೆರೆ, ಎಳೆಯುವುದರಲ್ಲಿ ನನ್ನ ಕೈ ಒಂದೇ ಸಮ ಇರುವುದಿಲ್ಲ. ಅದಕ್ಕೇ ಬೇರೆ ಬೇರೆ ದಿನ ಮೂರು ಸಲ ಎಳೆದು, ಆ ವ್ಯತ್ಯಾಸವನ್ನೂ ಬರೆದಿಡುತ್ತೇನೆ. ಪೀಕ್‌ಗಳ ವಿಸ್ತೀರ್ಣವನ್ನು ನೀರಿನ ಪಿಪಿಎಂಗೆ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಬದಲಿಸುವ ಕ್ಯಾಲಿಬ್ರೇಷನ್‌ಗಳೂ ಹಲವು ಇವೆ, ಒಂದೊಂದು ಒಂದೊಂದು ಉತ್ತರ ಕೊಡುತ್ತವೆ. ಆದ್ದರಿಂದ ಪಿಪಿಎಂ ಪಕ್ಕದಲ್ಲೇ ವಿಸ್ತೀರ್ಣ, ದಪ್ಪ, ಬಳಸಿದ ಕ್ಯಾಲಿಬ್ರೇಷನ್ ಮೂರನ್ನೂ ಕೊಡುತ್ತೇನೆ. ನಾಳೆ ಬೇರೆಯವರು ಅದೇ ಅಳತೆಯಿಂದ ಮತ್ತೆ ಲೆಕ್ಕ ಹಾಕಬಹುದು.